ಅಮ್ಮನ ಒಪ್ಪು

ಬ್ಯಾಂಕಿನಲ್ಲಿ ನನ್ನ ದಿನ ಆರಂಭವಾಗುವುದು ತಾರೀಕಿನ ಸೀಲಿನಿಂದ. ಬಾಗಿಲು ತೆರೆಯುವುದಕ್ಕೆ ಮೊದಲು ಅದನ್ನು ಡ್ರಾವರಿನಿಂದ ಹೊರತೆಗೆದು, ಬದಿಯ ಪುಟ್ಟ ಚಕ್ರವನ್ನು ಒಂದು ಹಲ್ಲಿನಷ್ಟು ತಿರುಗಿಸಿ, ರದ್ದಿ ಕಾಗದದ ಬೆನ್ನಿಗೆ ಒಮ್ಮೆ ಒತ್ತಿ ನೋಡುತ್ತೇನೆ. ನಿನ್ನೆ ಹೋಯಿತು, ಇವತ್ತು ಬಂತು. ಕಂಪ್ಯೂಟರು ಬಂದ ಮೇಲೆ ಸೀಲುಗಳ ಸಂಖ್ಯೆ ಕಡಿಮೆಯಾಗಿದೆಯಾದರೂ ಅವುಗಳ ಗೌರವ ಕಡಿಮೆಯಾಗಿಲ್ಲ. ಹಣ ಕಟ್ಟಿದವರಿಗೆ ಚಲನ್ನಿನ ಅರ್ಧ ಹರಿದು ಕೊಟ್ಟರೆ ಅವರು ಮೊದಲು ನೋಡುವುದು ಮೊತ್ತವನ್ನಲ್ಲ, ಸೀಲು ಬಿದ್ದಿದೆಯೋ ಇಲ್ಲವೋ ಎಂದು. ಬೀಳದಿದ್ದರೆ ಹಿಂದಕ್ಕೆ ಚಾಚುತ್ತಾರೆ.

ಹೀಗೆ ಹಗಲಿಡೀ ಸೀಲು ಗುದ್ದಿದ ಕೈ ಸಂಜೆ ಮನೆಯಲ್ಲಿಯೂ ಸೀಲು ಹಿಡಿದು ಕುಳಿತುಕೊಳ್ಳುತ್ತದೆ ಎಂದರೆ ಸಹೋದ್ಯೋಗಿಗಳು ನಗುತ್ತಾರೆ. "ಆಫೀಸಿನಲ್ಲಿ ಗುದ್ದಿದ್ದು ಸಾಲದಾ ಮಾರಾಯ್ರೇ?" ಎಂದು ಕೇಳಿದವರಿದ್ದಾರೆ. ಆದರೆ ಮನೆಯ ಸೀಲುಗಳು ಬೇರೆ. ಅವು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಕೊಂದೆ ಹೂವಿನ ಗೊಂಚಲು, ಕಣಿಯ ಸೌತೆ, ಒಂದು ದೀಪ, ಹಲ್ಲಿಲ್ಲದ ಒಂದು ಮೊಸಳೆ, 'ವಿಷು' ಎಂಬ ಎರಡಕ್ಷರ. ಇವುಗಳಿಂದ ನಾನೂ ಮಗಳೂ ವರ್ಷಕ್ಕೆ ಮೂವತ್ತೋ ನಲುವತ್ತೋ ಶುಭಾಶಯದ ಕಾರ್ಡು ಮಾಡುತ್ತೇವೆ. ಡಬ್ಬಿಯಲ್ಲಿ ಮೊದಲು ಇನ್ನೂ ಒಂದು ಸೀಲು ಇತ್ತು. ನಾನೀಗ ಬರೆಯಹೊರಟದ್ದು ಮುಖ್ಯವಾಗಿ ಅದರ ವಿಷಯ.

ನಾನೇನೂ ಕಲಾವಿದನಲ್ಲ. ಸೀಲಿನ ಹುಚ್ಚು ಹಿಡಿದದ್ದು ಬೆಂಡೆಕಾಯಿಯಿಂದ. ಬೆಂಡೆಯನ್ನು ಅಡ್ಡಕ್ಕೆ ಕೊಯ್ದು ಶಾಯಿಯಲ್ಲಿ ಅದ್ದಿ ಒತ್ತಿದರೆ ಹೂ ಮೂಡುತ್ತದೆ ಎಂಬುದು ಅಕ್ಕನ ಸಂಶೋಧನೆ. ಬಟಾಟೆಯನ್ನು ಎರಡು ಹೋಳು ಮಾಡಿ ಅದರ ಮೇಲೆ ದೀಪ ಕೆತ್ತಿದ್ದೂ ಅವಳೇ. ಬಟಾಟೆ ಮರುದಿನಕ್ಕೆ ಸುಕ್ಕಾಗುತ್ತಿತ್ತು, ಅದರೊಂದಿಗೆ ದೀಪವೂ. ಆಗ ಹೊಸ ವರ್ಷ ಬಂತೆಂದರೆ ಕುಂಬಳೆಯ ಅಂಗಡಿಗಳಲ್ಲಿ ದಾರ ಕಟ್ಟಿ ಬಣ್ಣಬಣ್ಣದ ಕಾರ್ಡುಗಳನ್ನು ತೂಗುಹಾಕುತ್ತಿದ್ದರು. ಗುಲಾಬಿ, ಹಿಮದ ಬೆಟ್ಟ, ಸಿನೆಮಾದವರ ಮುಖ. ಅವನ್ನು ಕೊಳ್ಳುವ ದುಡ್ಡು ನಮ್ಮಲ್ಲಿರಲಿಲ್ಲ. ಮನೆಗೆ ಬಂದ ಮದುವೆ ಕಾಗದಗಳ ಖಾಲಿ ಬದಿಯನ್ನು ಕತ್ತರಿಸಿ, ಬೆಂಡೆಯ ಹೂ ಒತ್ತಿ, ಅಜ್ಜನ ಮನೆಗೂ ಮಾವಂದಿರಿಗೂ ಕಳುಹಿಸುತ್ತಿದ್ದೆವು. ಬರೆಯುವ ಕೆಲಸ ಅಕ್ಕನದು, ಒತ್ತುವ ಕೆಲಸ ನನ್ನದು. ಕೊನೆಯಲ್ಲಿ ಕಾರ್ಡು ಅಮ್ಮನ ಕೈಗೆ ಹೋಗುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ನೆಲದ ಮೇಲೆ ಕುಳಿತು, ಕೆಳಗೆ ತನ್ನ ಹೆಸರು ಬರೆಯುತ್ತಿದ್ದಳು. ದೊಡ್ಡವರ ರುಜು ಬೀಳದೆ ಮಕ್ಕಳ ಶುಭಾಶಯಕ್ಕೆ ಬೆಲೆಯಿಲ್ಲ ಎಂಬುದು ಅವಳ ನಂಬಿಕೆ.

ಅಮ್ಮ ಶಾಲೆಗೆ ಸೇರಿದ್ದು 1956ರ ಜೂನ್ ತಿಂಗಳಲ್ಲಿ. ಸೇರುವಾಗ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಒಂದನೆಯ ತರಗತಿ ಮುಗಿಯುವ ಮೊದಲೇ, ನವೆಂಬರ್ 1ರಂದು, ಅದು ಕೇರಳಕ್ಕೆ ಸೇರಿತು. "ರಾಜ್ಯ ಬದಲಾದದ್ದು ನಮಗೆಂತ ಗೊತ್ತು? ಸ್ಲೇಟು ಅದೇ, ಮಾಸ್ಟ್ರೂ ಅವರೇ" ಎನ್ನುತ್ತಿದ್ದಳು. ಐದನೆಯ ತರಗತಿಗೆ ಅವಳ ಓದು ನಿಂತಿತು. ಕಲಿತದ್ದರಲ್ಲಿ ಉಳಿದದ್ದು ಓದುವ ಆಸೆ, ಮತ್ತು ತನ್ನ ಹೆಸರನ್ನು ಬರೆಯುವ ಒಂದು ಗಟ್ಟಿ ಕ್ರಮ. ಮೂರಕ್ಷರದ ಹೆಸರು. ನಡುವಿನ ಅಕ್ಷರಕ್ಕೆ ಒಂದು ಒತ್ತು. ಕೊನೆಯ ದೀರ್ಘವನ್ನು ಅವಳು ಹಸುವಿನ ಬಾಲದ ಹಾಗೆ ಎಳೆದು, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತುತ್ತಿದ್ದಳು.

ಆ ಬಾಲದ ಬೆಲೆ ನನಗೆ ತಿಳಿದದ್ದು 1996ರಲ್ಲಿ. ಅಪ್ಪ ತೀರಿಹೋದ ವರ್ಷ ಅದು. ಏನೋ ಒಂದು ಕಾಗದಕ್ಕಾಗಿ ಅಮ್ಮನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಆಚೆ ಇದ್ದವರು ಅರ್ಜಿ ನೋಡಿ, ಅಮ್ಮನನ್ನು ನೋಡಿ, ಸ್ಟಾಂಪ್ ಪ್ಯಾಡನ್ನು ಮುಂದಕ್ಕೆ ತಳ್ಳಿದರು. ಅಮ್ಮ ಪೆನ್ನು ಕೇಳಿದಳು. "ಕನ್ನಡದಲ್ಲಿ ಬರೆದರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ? ಬೆರಳು ಒತ್ತಿದರೆ ಸಾಕು" ಎಂಬ ಅರ್ಥದ ಮಾತು ಮಲಯಾಳದಲ್ಲಿ ಬಂತು. ಹೇಳಿದವರಿಗೆ ಕೆಟ್ಟ ಮನಸ್ಸಿತ್ತೆಂದು ನಾನು ಹೇಳಲಾರೆ. ಕೆಲಸ ಬೇಗ ಮುಗಿಯಲಿ ಎಂದಿರಬಹುದು. ಅಮ್ಮ ಪ್ಯಾಡನ್ನು ಮುಟ್ಟಲಿಲ್ಲ. "ನನಗೆ ಬರೆಯಲು ಬರುತ್ತದೆ" ಎಂದು ಕನ್ನಡದಲ್ಲೇ ಹೇಳಿ ನಿಂತಳು. ನನಗೆ ಆಗ ನಾಚಿಕೆಯಾಯಿತು. ಅಮ್ಮನ ಸೆರಗು ಎಳೆದು "ಒತ್ತಮ್ಮ, ಹೋಗುವ" ಎಂದೆ. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಕೊನೆಗೆ ಪೆನ್ನು ಸಿಕ್ಕಿತು, ಬಾಲವೂ ಬಿತ್ತು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾಕರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ಮೇಲೆ. ಅಮ್ಮನಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ. ಕಾಯಿದೆ ತಿಳಿಯದೆಯೇ ಅವಳು ನಿಂತಿದ್ದಳು.

ಮಲಯಾಳದಲ್ಲಿ ರುಜುವಿಗೆ 'ಒಪ್ಪ್' ಎನ್ನುತ್ತಾರೆ. ನಮ್ಮ ಗಡಿಯ ಮನೆಗಳಲ್ಲಿ ಆ ಶಬ್ದ ಕನ್ನಡದ ಮಾತಿನೊಳಗೂ ಸಲೀಸಾಗಿ ಬಂದು ಕುಳಿತಿದೆ. "ಇಲ್ಲಿ ಒಂದು ಒಪ್ಪು ಹಾಕು" ಎಂದು ಅಮ್ಮನಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಕನ್ನಡದಲ್ಲಿ ಒಪ್ಪುವುದೆಂದರೆ ಸಮ್ಮತಿಸುವುದು. ಎರಡು ಭಾಷೆಗಳ ಅರ್ಥವನ್ನು ಒಟ್ಟಿಗೆ ಇಟ್ಟು ನೋಡಿದರೆ ರುಜು ಎಂದರೆ ಏನೆಂಬುದು ಬ್ಯಾಂಕಿನ ನಿಯಮಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

2018ರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ನಡೆಯುವಷ್ಟು ಚೇತರಿಸಿಕೊಂಡಳು, ಮಾತೂ ಬಂತು. ಬಲಗೈಯ ನಡುಕ ಮಾತ್ರ ಹೋಗಲಿಲ್ಲ. ಅವಳ ಖಾತೆ ನಾನಿದ್ದ ಶಾಖೆಯಲ್ಲೇ ಇತ್ತು. ಒಂದು ದಿನ ಅವಳು ಬರೆದ ಹಣ ತೆಗೆಯುವ ಚೀಟಿ ನನ್ನ ಮೇಜಿಗೇ ಬಂತು. ಕಂಪ್ಯೂಟರಿನ ಪರದೆಯಲ್ಲಿ ಹಳೆಯ ಮಾದರಿ ರುಜು ತೆರೆದೆ. ಅಲ್ಲಿ ಬಾಲ ನೆಟ್ಟಗೆ ಎದ್ದಿತ್ತು. ಚೀಟಿಯಲ್ಲಿ ಇದ್ದದ್ದು ಇರುವೆ ನಡೆದ ದಾರಿ. ಬೇರೆ ಯಾರದ್ದಾದರೂ ಆಗಿದ್ದರೆ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಬೇಕಾಗಿತ್ತು. ರುಜು ಮಾಡಲಾಗದವರು ಬೆರಳ ಗುರುತು ಒತ್ತಬೇಕು, ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ನಿಯಮ ಸರಿಯಾದದ್ದೇ. ಅಂಥವರ ಹಣವನ್ನು ಕಾಪಾಡಲೆಂದೇ ಅದು ಇದೆ. ನಾನು ಪ್ಯಾಡನ್ನು ಅಮ್ಮನ ಮುಂದಕ್ಕೆ ತಳ್ಳಿದೆ.

ಆ ದಿನ ಅವಳು ಏನೂ ಹೇಳಲಿಲ್ಲ. ಹೆಬ್ಬೆರಳು ಮುಂದೆ ಮಾಡಿದಳು. ಮನೆಗೆ ಬಂದ ಮೇಲೆ ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಬಹಳ ಹೊತ್ತು ಬೆರಳು ತಿಕ್ಕಿದಳು. ನೇರಳೆ ಶಾಯಿ ಅಷ್ಟು ಬೇಗ ಹೋಗುವಂಥದ್ದಲ್ಲ.

ಇನ್ನು ಸೀಲಿನ ಹಿಡಿಗಳ ಕತೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದದ್ದು ಓದುಗರಿಗೆ ಗೊತ್ತಿದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಇವುಗಳಲ್ಲಿ ಒಂದರ ನೌಕರ ನಾನು. ಹೆಸರು ಬದಲಾದ ಮೇಲೆ ಹಳೆಯ ಸೀಲುಗಳು ಉಳಿಯಬಾರದು. ಒಂದೊಂದರದೂ ರಬ್ಬರು ಕಿತ್ತು, ತುಂಡು ಮಾಡಿ, ಪುಸ್ತಕದಲ್ಲಿ ದಾಖಲಿಸಿದೆವು. ಮರದ ಹಿಡಿಗಳು ಕಸದ ಬುಟ್ಟಿಯಲ್ಲಿ ಬಿದ್ದಿದ್ದವು. ವರ್ಷಾನುಗಟ್ಟಲೆ ಬೇರೆ ಬೇರೆ ಗುಮಾಸ್ತರ ಅಂಗೈ ತಾಗಿ ನುಣುಪಾದ ಹಿಡಿಗಳು. ಮೆನೇಜರರಲ್ಲಿ ಕೇಳಿದೆ. "ರಬ್ಬರು ಇಲ್ಲದ ಮೇಲೆ ಅದು ಬರೀ ಕಟ್ಟಿಗೆಯಲ್ಲವೋ, ಕೊಂಡುಹೋಗಿ" ಎಂದರು. ಏಳು ಹಿಡಿಗಳನ್ನು ಊಟದ ಚೀಲದಲ್ಲಿ ಹಾಕಿ ಮನೆಗೆ ತಂದೆ.

ಅದು ಲಾಕ್‌ಡೌನಿನ ಏಪ್ರಿಲ್. ಬ್ಯಾಂಕು ಅಗತ್ಯ ಸೇವೆಯಾದ್ದರಿಂದ ನನಗೆ ಓಡಾಟವಿತ್ತು, ಮನೆಯವರಿಗೆ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ಸಿಲುಕಿದ್ದು, ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ಕೊಟ್ಟದ್ದು, ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ ತಲಪಾಡಿಯಲ್ಲಿ ರೋಗಿಗಳಿಗೆ ದಾರಿ ತೆರೆದದ್ದು, ಇವೆಲ್ಲ ನಮ್ಮಲ್ಲಿ ಯಾರೂ ಮರೆಯುವಂಥದ್ದಲ್ಲ. ಅಕ್ಕನನ್ನು ಕೊಟ್ಟದ್ದು ಪುತ್ತೂರಿಗೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಮ್ಮನ ಹತ್ತಿರ ಇರುತ್ತಿದ್ದವಳು ಈಗ ಫೋನಿನಲ್ಲಿ ಅಳುತ್ತಿದ್ದಳು. ಪ್ರತಿ ವಿಷುವಿಗೆ ಕಣಿ ಕಂಡು ಅಮ್ಮನ ಕಾಲು ಮುಟ್ಟಲು ಅವಳು ಬರುವುದಿತ್ತು. ಆ ವರ್ಷ ಬರುವ ಹಾಗಿರಲಿಲ್ಲ. "ಒಂದು ಕಾಗದವಾದರೂ ಹಾಕುವ" ಎಂದಳು ಅಮ್ಮ. ಕಾಗದ ಬರೆಯುವ ಕೈ ಅವಳಲ್ಲಿರಲಿಲ್ಲ. ಹಾಗೆ ಕಾರ್ಡಿನ ಯೋಚನೆ ಬಂತು.

ಮಗಳಿಗೆ ಆಗ ಎಂಟು ವರ್ಷ. ಅವಳದು ಇಂಗ್ಲಿಷ್ ಮಾಧ್ಯಮದ ಶಾಲೆ. 2017ರ ಕಾಯಿದೆಯಂತೆ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದ್ದರಿಂದ ಅದನ್ನು ಚೆನ್ನಾಗಿ ಕಲಿತಿದ್ದಾಳೆ. ಕುಂಬಳೆಯಲ್ಲಿ ಬಸ್ಸಿನ ಬೋರ್ಡನ್ನು ನನಗಿಂತ ಬೇಗ ಓದುವವಳು ಅವಳೇ. ಕನ್ನಡ ಮಾತ್ರ ಶಾಲೆಯಲ್ಲಿಲ್ಲ. ಮನೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಲಿತದ್ದೇ ಕನ್ನಡ. ಅಜ್ಜಿಯ ಕೈ ನಡುಗಲು ತೊಡಗಿದ ಮೇಲೆ ಆ ಪಾಠವೂ ನಿಂತಿತ್ತು.

ಅಂಗಡಿಗಳು ಮುಚ್ಚಿದ್ದವು. ಮನೆಯಲ್ಲಿ ಇದ್ದದ್ದು ಮಗಳ ಪೆನ್ಸಿಲು ಒರೆಸುವ ರಬ್ಬರುಗಳು. ಹೆಸರಿಗೆ ರಬ್ಬರು, ಈಗಿನವು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಮೆತ್ತಗಿರುವುದರಿಂದ ಕೆತ್ತುವುದಕ್ಕೆ ಅವೇ ಒಳ್ಳೆಯದು. ಹಳೆಯ ಕೊಡೆಯ ಕಡ್ಡಿಯೊಂದನ್ನು ಮುರಿದು ತುದಿಯನ್ನು ಕಲ್ಲಿಗೆ ಮಸೆದೆ. ಕೊಡೆಯ ಕಡ್ಡಿ ಓಣಿಯ ಹಾಗೆ ತಗ್ಗಾಗಿರುತ್ತದಲ್ಲ, ಅದರಿಂದ ರಬ್ಬರನ್ನು ನೂಲಿನಂತೆ ತೋಡಿ ತೆಗೆಯಬಹುದು. ಅಂಚಿಗೆ ಅರ್ಧ ಬ್ಲೇಡು. ಗೆರೆಯ ಬದಿಯನ್ನು ಕೊಯ್ಯುವಾಗ ಬ್ಲೇಡು ಹೊರಕ್ಕೆ ಓರೆಯಾಗಬೇಕು. ಒಳಕ್ಕೆ ಓರೆಯಾದರೆ ಬುಡ ಸಣ್ಣದಾಗಿ, ನಾಲ್ಕು ಸಲ ಒತ್ತುವಷ್ಟರಲ್ಲಿ ಗೆರೆ ಮುರಿಯುತ್ತದೆ. ಇದನ್ನು ಕಲಿಯಲು ಐದು ರಬ್ಬರು ಹಾಳಾದವು. ಹಳದಿ ಬಣ್ಣಕ್ಕೆಂದು ಮೊದಲು ಅರಸಿನವನ್ನು ಗೋಂದಿನಲ್ಲಿ ಕಲಸಿದೆವು. ಕೊಂದೆ ಹೂ ಅದ್ಭುತವಾಗಿ ಮೂಡಿತು, ನಾಲ್ಕು ದಿನ ಬಿಸಿಲು ಕಂಡ ಮೇಲೆ ಮಾಯವಾಯಿತು. ಕೊನೆಗೆ ಮಗಳ ಬಣ್ಣದ ಪೆಟ್ಟಿಗೆಯ ಹಳದಿಯನ್ನು ಸ್ಪಂಜಿಗೆ ಹಚ್ಚಿ ಅದರಿಂದ ತಟ್ಟಿದೆವು.

ಚಿತ್ರಕ್ಕಿಂತ ಅಕ್ಷರ ಕಷ್ಟ. ಮಗಳು ಮೊದಲು 'ವಿಷು' ಎಂದು ರಬ್ಬರಿನ ಮೇಲೆ ನೇರವಾಗಿ ಬರೆದು ಕೆತ್ತಿದಳು. ಒತ್ತಿದಾಗ ಷಕಾರದ ಕೊಂಬು ಎಡಕ್ಕೆ ಚಾಚಿಕೊಂಡು, ಇಡೀ ಶಬ್ದ ಬೆನ್ನು ತಿರುಗಿಸಿ ಕುಳಿತಿತು. ಅವಳಿಗೆ ಅಳು ಬಂತು. ಮೂಲೆಯಲ್ಲಿದ್ದ ಅಮ್ಮ ಕಣಿಗೆಂದು ಒರೆಸಿಟ್ಟಿದ್ದ ಕನ್ನಡಿಯನ್ನು ತರಿಸಿ ಕಾರ್ಡಿನ ಮುಂದೆ ಹಿಡಿಸಿದಳು. ಕನ್ನಡಿಯಲ್ಲಿ 'ವಿಷು' ಸರಿಯಾಗಿತ್ತು. ಆ ಮೇಲೆ ದಾರಿ ಸಿಕ್ಕಿತು. ತೆಳು ಕಾಗದದಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸರಿಯಾಗಿ ಬರೆಯುವುದು, ಅದನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜುವುದು. ಅಕ್ಷರ ತಾನಾಗಿ ತಿರುಗಿ ಕುಳಿತುಕೊಳ್ಳುತ್ತದೆ. ಕೆತ್ತಿದ್ದು ಸರಿಯೋ ತಪ್ಪೋ ಎಂದು ನೋಡಲು ಶಾಯಿ ಬೇಡ, ಕನ್ನಡಿ ಸಾಕು. ಮಗಳು ಕನ್ನಡ ಅಕ್ಷರಗಳನ್ನು ಗಟ್ಟಿ ಮಾಡಿಕೊಂಡದ್ದು ಹೀಗೆ, ಎರಡೂ ಬದಿಯಿಂದ. ತಲೆಕಟ್ಟು ಯಾವ ಕಡೆಗೆ ಬಾಗುತ್ತದೆ, ಒತ್ತು ಎಲ್ಲಿ ನೇತಾಡುತ್ತದೆ ಎಂಬುದನ್ನು ಬರೆಯುವವರು ಮರೆಯಬಹುದು, ಕೆತ್ತಿದವರು ಮರೆಯುವುದಿಲ್ಲ. ಎರಡೂ ಭಾಷೆಯ ಅಕ್ಷರಗಳು ದುಂಡಗಿರುವುದರಿಂದ ಕಷ್ಟ ಎರಡಕ್ಕೂ ಸಮಾನ. ಮಲಯಾಳದ ಠಕಾರ ಮಾತ್ರ ಬರೀ ಒಂದು ಉಂಗುರ, ಹೇಗೆ ಒತ್ತಿದರೂ ಅದೇ. ಅನುಸ್ವಾರವಂತೂ ಎರಡು ಭಾಷೆಗೂ ಒಂದೇ ಸೊನ್ನೆ. "ಈ ಸೊನ್ನೆಯನ್ನು ಒಂದು ಸಲ ಕೆತ್ತಿದರೆ ಎರಡು ಕಡೆಗೂ ಆಗುತ್ತದೆ" ಎಂದು ಮಗಳು ಲೆಕ್ಕ ಹಾಕಿದಳು.

ಹೀಗೆ ಅಕ್ಷರವನ್ನು ತಿರುಗಿಸಿ ಅಚ್ಚು ಹಾಕಿದವರು ನಮ್ಮ ಕಡೆ ಮೊದಲು ಯಾರು ಎಂದು ಅವಳು ಕೇಳಿದ್ದರಿಂದ ನಾನೂ ಸ್ವಲ್ಪ ಓದಿದೆ. ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೂ ಅಕ್ಷರ ತಿರುಗಿಯೇ ಇರುತ್ತದೆ. ನಾಲ್ಕು ವರ್ಷದ ಮೇಲೆ, 1847ರಲ್ಲಿ, ಅದೇ ಮಿಶನಿನ ಹೆರ್ಮನ್ ಗುಂಡರ್ಟ್ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಮಲಯಾಳದ 'ರಾಜ್ಯಸಮಾಚಾರಂ' ತೆಗೆದದ್ದೂ ಕಲ್ಲಚ್ಚಿನಲ್ಲೇ. ಗುಂಡರ್ಟರ ಪ್ರಸಿದ್ಧ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಲಂಡನಿನಲ್ಲಿ ಹೆನ್ರಿ ಕೋಲ್ ಎಂಬವರು ಚಿತ್ರಕಾರ ಹಾರ್ಸ್‌ಲಿಯಿಂದ ಬರೆಸಿ ಮೊದಲ ಕ್ರಿಸ್ಮಸ್ ಕಾರ್ಡನ್ನು ಅಚ್ಚು ಹಾಕಿಸಿದ್ದೂ 'ಮಂಗಳೂರ ಸಮಾಚಾರ'ದ ವರ್ಷವೇ, 1843ರಲ್ಲಿ. ರಬ್ಬರಿನ ಮೊದಲ ಉಪಯೋಗಗಳಲ್ಲೊಂದು ಬರೆದದ್ದನ್ನು ಅಳಿಸುವುದಾಗಿತ್ತು. ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅದನ್ನು 1770ರಲ್ಲಿ ಬರೆದಿಟ್ಟಿದ್ದಾರೆ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗಿ ಬಾಳುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ರಬ್ಬರಿನ ಸೀಲು ಹುಟ್ಟಿದ್ದು ಅದರ ಮೇಲೆ. ಅಳಿಸುವ ವಸ್ತುವಿನಿಂದಲೇ ಅಕ್ಷರ ಮಾಡುವುದು ನಾವು ಕಂಡುಹಿಡಿದ ಹೊಸ ಉಪಾಯವೇನೂ ಅಲ್ಲ.

ಕಾರ್ಡು ತಯಾರಾಯಿತು. ಮೇಲೆ ಕೊಂದೆ ಹೂ, ನಡುವೆ 'ವಿಷು', ಕೆಳಗೆ ಮಗಳು ಕೆತ್ತಿದ ಮೊಸಳೆ. ನಮ್ಮ ಸರೋವರ ಕ್ಷೇತ್ರದ ಬಬಿಯಾ ಅದು. ನೈವೇದ್ಯದ ಅನ್ನ ತಿನ್ನುವ ಮೊಸಳೆಗೆ ಹಲ್ಲು ಯಾಕೆ ಎಂಬುದು ಅವಳ ವಾದ. ಹಲ್ಲು ಕೆತ್ತಲು ಕಷ್ಟ ಎಂಬುದು ನನಗೆ ಗೊತ್ತಿದ್ದ ಕಾರಣ. ಇನ್ನು ಅಮ್ಮ ರುಜು ಹಾಕಬೇಕು. ಅವಳು ಪೆನ್ನು ಹಿಡಿದು, ಎರಡು ಸಲ ಕಾಗದದ ಹತ್ತಿರ ಕೊಂಡುಹೋಗಿ, ಹಿಂದೆ ತೆಗೆದಳು. "ಬೇಡ. ಹಾಳಾಗುತ್ತದೆ" ಎಂದಳು. ಮಗಳು ಏನೂ ತಿಳಿಯದೆ ಸ್ಟಾಂಪ್ ಪ್ಯಾಡು ತಂದು ಅಜ್ಜಿಯ ಮುಂದಿಟ್ಟಳು. ಅಮ್ಮ ನನ್ನ ಮುಖ ನೋಡಿದಳು. 1996ರಲ್ಲಿ ನೋಡಿದ ಅದೇ ನೋಟ.

ಆ ರಾತ್ರಿ ಅಮ್ಮನ ಹಳೆಯ ಪಾಸ್ ಪುಸ್ತಕವನ್ನು ಹುಡುಕಿ ತೆಗೆದೆ. ಮೊದಲ ಪುಟದಲ್ಲಿ ಅವಳ ರುಜು ಇತ್ತು. ತೆಳು ಕಾಗದ ಇಟ್ಟು ಅದನ್ನು ತಿದ್ದಿ, ಉದ್ದನೆಯ ಹೊಸ ರಬ್ಬರಿಗೆ ಮಗುಚಿ, ಕೆತ್ತಲು ಕುಳಿತೆ. ಮೂರು ಅಕ್ಷರಕ್ಕೆ ಎರಡು ರಾತ್ರಿ ಬೇಕಾಯಿತು. ಒತ್ತಕ್ಷರದ ಹೊಟ್ಟೆಯೊಳಗಿನ ಚೂರನ್ನು ಸೂಜಿಯಿಂದ ತೆಗೆದೆ. ಬಾಲದ ಮೇಲೆತ್ತಿದ ತುದಿಗೆ ಬಂದಾಗ ನನ್ನ ಕೈಯೂ ನಡುಗಿತು. ಬ್ಯಾಂಕಿನಲ್ಲಿ ಇನ್ನೊಬ್ಬರ ರುಜುವನ್ನು ಹೀಗೆ ಕೆತ್ತುವುದು ಎಂಥ ಕೆಲಸವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆತ್ತಿ ಮುಗಿಸಿ, ಹಳೆಯ ಹಿಡಿಗಳಲ್ಲಿ ಅತಿ ನುಣುಪಾದದ್ದಕ್ಕೆ ಅಂಟಿಸಿ, ಬೆಳಿಗ್ಗೆ ಅಮ್ಮನ ಮುಂದಿಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನು ನಿನ್ನ ಬ್ಯಾಂಕಿನಲ್ಲಿ ಒತ್ತಿದರೆ ನಡೆಯುತ್ತದಾ?"

"ಇಲ್ಲಮ್ಮ. ಕಳ್ಳ ಒಪ್ಪು ಎಂದು ಹಿಡಿಯುತ್ತಾರೆ."

"ಹಾಗಾದರೆ ಇದು ಯಾರದ್ದು? ನನ್ನದಾ, ನಿನ್ನದಾ?"

ಉತ್ತರ ಹೊಳೆಯಲಿಲ್ಲ. ಅವಳೇ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ನಾನೇ ಒತ್ತಿದರೆ ನನ್ನದು. ಬೇರೆ ಯಾರೂ ಒತ್ತಬಾರದು. ನೀನೂ ಕೂಡ."

ಆಗಲಿ ಎಂದೆ. ನಡುಗುವ ಕೈಯಿಂದ ಹಿಡಿಯನ್ನು ಹಿಡಿದು, ಅದರ ಮೇಲೆ ಎಡಗೈಯನ್ನೂ ಇಟ್ಟು, ಕಾರ್ಡಿನ ಕೆಳಗೆ ಒತ್ತಿದಳು. ಎತ್ತಿದಾಗ ಬಾಲ ನೆಟ್ಟಗೆ ಬಿದ್ದಿತ್ತು. ಸೀಲು ಸ್ವಲ್ಪ ಓರೆಯಾಗಿತ್ತು ಅಷ್ಟೆ. ಆ ದಿನ ಅವಳು ಹನ್ನೊಂದು ಕಾರ್ಡಿಗೆ ಒಪ್ಪು ಹಾಕಿದಳು. ಹನ್ನೊಂದೂ ಬೇರೆ ಬೇರೆ ಓರೆ. ಬೆರಳಿಗೆ ತಾಗಿದ ಶಾಯಿಯನ್ನು ತಿಕ್ಕಿ ತೊಳೆಯಲಿಲ್ಲ.

ಅಕ್ಕನ ಕಾರ್ಡನ್ನು ವಿಷುವಿಗೆ ಎರಡು ದಿನ ಮೊದಲು ಅಂಚೆಗೆ ಹಾಕಿದೆ. ರೈಲು, ಬಸ್ಸು ಎಲ್ಲ ನಿಂತ ಕಾಲ. ಅದು ಪುತ್ತೂರು ಮುಟ್ಟಿದ್ದು ಜೂನ್ ತಿಂಗಳ ಮಳೆಯಲ್ಲಿ. ಮೇಲಿನ ಅಂಚೆಯ ಸೀಲಿನಲ್ಲಿ ಏಪ್ರಿಲಿನ ತಾರೀಕು. ಅಕ್ಕ ಫೋನು ಮಾಡಿ, "ಅಮ್ಮನ ಕೈ ಸರಿಯಾಯಿತಾ?" ಎಂದು ಕೇಳಿದಳು. ನಾನು ನಿಜ ಹೇಳಿದೆ. ಅವಳು ಸುಮ್ಮನಾದಳು. ಮತ್ತೆ, "ಒತ್ತಿದ್ದು ಅವಳೇ ಅಲ್ಲವಾ?" ಎಂದಳು. ಹೌದೆಂದೆ. "ಹಾಗಾದರೆ ಸರಿ" ಎಂದಳು.

ಮುಂದಿನ ಎರಡು ವಿಷುವಿಗೆ ಕಾರ್ಡುಗಳ ಸಂಖ್ಯೆ ಹೆಚ್ಚಾಯಿತು. ನನ್ನ ಪಕ್ಕದ 'ಕೌಂಟರಿ'ನಲ್ಲಿದ್ದ ಪಯ್ಯನ್ನೂರಿನ ಸಹೋದ್ಯೋಗಿಗೆ ಒಂದು ಕೊಟ್ಟೆ. ಮಗಳು ಅದಕ್ಕೆಂದು ಮಲಯಾಳದಲ್ಲಿ 'ವಿಷು ಆಶಂಸಕಳ್' ಎಂದು ಕೆತ್ತಿದ್ದಳು. ನನ್ನ ಕಣ್ಣು ತಪ್ಪಿಸಿ ಹೋಗುತ್ತಿದ್ದ ಒಂದು ಅಕ್ಷರದೋಷವನ್ನು ಅವಳೇ ತಿದ್ದಿದಳು. ಅವರು ಕಾರ್ಡು ನೋಡಿ ಕೆಳಗಿನ ಕನ್ನಡ ಯಾರದೆಂದು ಕೇಳಿದರು. "ಅಮ್ಮನ ಒಪ್ಪು" ಎಂದೆ. ಅವರಿಗೆ ಆ ಮಾತನ್ನು ಅನುವಾದಿಸಿ ಹೇಳಬೇಕಾಗಲಿಲ್ಲ. ಕಾರ್ಡು ಅವರ ಮೇಜಿನ ಗಾಜಿನ ಕೆಳಗೆ, ವರ್ಗವಾಗಿ ಹೋಗುವವರೆಗೂ ಇತ್ತು.

2022ರ ಅಕ್ಟೋಬರ್ 9ರ ರಾತ್ರಿ ಬಬಿಯಾ ತೀರಿಹೋಯಿತು. ಮರುದಿನ ಗುಡ್ಡೆಗೆ ಬಂದ ಜನರನ್ನು ನೋಡಬೇಕಾಗಿತ್ತು. ಎಲ್ಲ ಭಾಷೆಯವರೂ ಇದ್ದರು. ಅಮ್ಮ ಊರುಗೋಲು ಹಿಡಿದು ಅಲ್ಲಿಯವರೆಗೆ ನಡೆದು ಬಂದಳು. ಅವಳು ಕ್ಷೇತ್ರದವರೆಗೆ ನಡೆದದ್ದು ಅದೇ ಕೊನೆ. 2023ರ ಮಳೆಗಾಲದಲ್ಲಿ, ಪದವಿನ ಮುರಕಲ್ಲಿನ ಮೇಲೆ ಸಣ್ಣ ನೀಲಿ ಹೂಗಳು ಎದ್ದಿದ್ದ ಹೊತ್ತಿಗೆ, ಅಮ್ಮ ಹೋದಳು. ಆ ನವೆಂಬರಿನಲ್ಲಿ ಸರೋವರದಲ್ಲಿ ಹೊಸ ಮೊಸಳೆಯೊಂದು ಕಾಣಿಸಿಕೊಂಡಿತು. ಅಮ್ಮ ಅದನ್ನು ನೋಡಲಿಲ್ಲ.

ಬ್ಯಾಂಕಿನ ಕೆಲಸವನ್ನು ನಾನೇ ಮಾಡಿ ಮುಗಿಸಿದೆ. ಮರಣಪತ್ರ ಇಟ್ಟು, ನಾಮನಿರ್ದೇಶನ ನೋಡಿ, ಖಾತೆ ಮುಚ್ಚಿದೆ. ಅದರೊಡನೆ ಪರದೆಯ ಮೇಲಿನ ಆ ಮಾದರಿ ರುಜುವಿನ ಕೆಲಸವೂ ಮುಗಿಯಿತು.

2024ರ ವಿಷು ಹತ್ತಿರ ಬಂದಾಗ ಅಕ್ಕನ ಫೋನು. "ಈ ಸಲವೂ ಕಾರ್ಡು ಕಳಿಸುತ್ತೀಯಲ್ಲ? ಅಮ್ಮನ ಒಪ್ಪು ಹಾಕಿಯೇ ಕಳಿಸು." ಇದನ್ನು ಕೇಳುತ್ತಲೇ ಮಗಳು ಡಬ್ಬಿ ತಂದಳು. ನಾನು ಸೀಲನ್ನು ಕೈಗೆ ತೆಗೆದುಕೊಂಡೆ. ಹಿಡಿ ನನ್ನ ಅಂಗೈಗೆ ಸರಿಯಾಗಿಯೇ ಕುಳಿತಿತು. ಒಂದು ಸಲ ಒತ್ತಿದರೆ ಅಕ್ಕನಿಗೆ ಸಮಾಧಾನ. ಯಾರಿಗೂ ನಷ್ಟವಿಲ್ಲ. ಬಾಲ ನೆಟ್ಟಗೆ ಬೀಳುತ್ತಿತ್ತು, ಓರೆ ಕೂಡ ಇರುತ್ತಿರಲಿಲ್ಲ. ಆ ಓರೆಯಿಲ್ಲದ ಒಪ್ಪನ್ನು ಮನಸ್ಸಿನಲ್ಲಿ ನೋಡಿದಾಗಲೇ ಅದು ಯಾರದ್ದಾಗುತ್ತದೆ ಎಂದು ತಿಳಿಯಿತು. ಒಮ್ಮೆ ಅಮ್ಮನ ಸೆರಗು ಎಳೆದು "ಒತ್ತಮ್ಮ" ಎಂದವನು ನಾನು, ಇನ್ನೊಮ್ಮೆ ಪ್ಯಾಡು ತಳ್ಳಿದವನೂ ನಾನೇ. ಮೂರನೆಯ ಸಲ ಬೇಡ ಎನಿಸಿತು.

ಸೀಲಿನ ಶಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಹತ್ತಿಯಲ್ಲಿ ಸುತ್ತಿ, ಕಾರ್ಡಿನ ಜೊತೆಗೆ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಅಕ್ಕನಿಗೆ ಕಳುಹಿಸಿದೆ. ಕಾರ್ಡಿನ ಕೆಳಗೆ ನನ್ನ ಹೆಸರನ್ನು ಪೆನ್ನಿನಿಂದ ಬರೆದೆ. "ಇದು ನಿನ್ನಲ್ಲಿರಲಿ. ಏನು ಮಾಡಬೇಕೆಂದು ನಿನಗೇ ಬಿಟ್ಟಿದ್ದೇನೆ" ಎಂದಷ್ಟೇ ಬರೆದಿದ್ದೆ.

ವಿಷುವಿನ ದಿನ ಬೆಳಗ್ಗೆ ಬೇಗ ಅವಳ ಫೋನು ಬಂತು. ಅವಳೂ ಅದನ್ನು ಒತ್ತಲಿಲ್ಲವಂತೆ. ರಾತ್ರಿ ಕಣಿ ಇಡುವಾಗ ಅಕ್ಕಿ, ತೆಂಗಿನಕಾಯಿ, ಸೌತೆಗಳ ನಡುವೆ ಸೀಲನ್ನೂ ಇಟ್ಟಳಂತೆ, ರಬ್ಬರಿನ ಮುಖ ಕನ್ನಡಿಯ ಕಡೆಗೆ. ಬೆಳಿಗ್ಗೆ ಕಣ್ಣು ತೆರೆದು ದೀಪದ ಬೆಳಕಿನಲ್ಲಿ ಕನ್ನಡಿ ನೋಡಿದರೆ ಅದರಲ್ಲಿ ಅಮ್ಮನ ಹೆಸರು ಸರಿಯಾಗಿ, ಓದುವ ಹಾಗೆ, ಬಾಲ ಮೇಲಕ್ಕೆತ್ತಿಕೊಂಡು ಇತ್ತು.

"ಶಾಯಿ ಬೇಡ ಮಾರಾಯ" ಎಂದಳು ಅಕ್ಕ. "ಒತ್ತುವುದೂ ಬೇಡ."

ಈಗ ಪ್ರತಿ ವರ್ಷ ಅದು ಅಲ್ಲಿಯೇ ಕಣಿಯಲ್ಲಿರುತ್ತದೆ. ನಮ್ಮ ಡಬ್ಬಿಯಲ್ಲಿ ಅದರ ಜಾಗ ಖಾಲಿಯಿದೆ. ಕಾರ್ಡಿನ ಕೆಳಗೆ ಹಾಕಲು ಮಗಳು ಈಗ ತನ್ನ ಹೆಸರನ್ನು ಕನ್ನಡದಲ್ಲಿ ಕೆತ್ತುತ್ತಿದ್ದಾಳೆ. ಅವಸರದಲ್ಲಿ ಕಾಗದ ಮಗುಚುವುದನ್ನು ಮರೆತು ಮೊನ್ನೆ ಒಂದನ್ನು ಹಾಳು ಮಾಡಿದಳು. ನಾಳೆ ಸಂಜೆ ಬ್ಯಾಂಕು ಬಿಟ್ಟ ಮೇಲೆ ಕುಂಬಳೆಯಲ್ಲಿ ಇಳಿದು ಇನ್ನೆರಡು ರಬ್ಬರು ತರಬೇಕು. ಹಿಡಿಗಳು ಇನ್ನೂ ಉಳಿದಿವೆ.